ಚಂದ್ರಗಿರಿಯ ಎರಡು ದಡ: ತಂತ್ರದಾಟದ ನಕಾಶೆಗೆ ತುಳುನಾಡಿನ ಸಂಸ್ಕೃತಿ, ಧರ್ಮಗಳನ್ನು ಸೇರಿಸುವ ಬಗೆ

ಕ್ರುಸೇಡರ್ ಕಿಂಗ್ಸ್ 3 ಎಂಬ ಕಂಪ್ಯೂಟರ್ ಆಟದಲ್ಲಿ ಮಂಗಳೂರಿನಿಂದ ಏಳಿಮಲೆಯವರೆಗಿನ ಕರಾವಳಿಯನ್ನು ಹುಡುಕಿ ನಕಾಶೆ ಹಿಗ್ಗಿಸಿದರೆ ಕಣ್ಣಿಗೆ ಬೀಳುವುದು ಕೆಲವೇ ತುಂಡುಗಳು. ಯುರೋಪಿನ ಸಣ್ಣ ಸಣ್ಣ ಕಣಿವೆಗಳಿಗೂ ಪ್ರತ್ಯೇಕ ಸಂಸ್ಕೃತಿ ಕೊಟ್ಟಿರುವ ಈ ಆಟ, ತುಳು, ಕನ್ನಡ, ಮಲಯಾಳ ಒಂದನ್ನೊಂದು ಮುಟ್ಟುವ ನಮ್ಮ ನೆಲವನ್ನು ಇಷ್ಟು ಒರಟಾಗಿ ಗೀಚಿಬಿಟ್ಟಿರುವುದು ಕಾಸರಗೋಡಿನ ಆಟಗಾರನಿಗೆ ಒಪ್ಪಿಗೆಯಾಗುವ ಮಾತಲ್ಲ. ಅದನ್ನು ತಿದ್ದುವ ದಾರಿ ಮಾತ್ರ ತೆರೆದೇ ಇದೆ. ಆಟದ ಸಂಸ್ಕೃತಿ, ಧರ್ಮ, ಇತಿಹಾಸಗಳೆಲ್ಲ ಸಾದಾ ಪಠ್ಯದ ಕಡತಗಳಲ್ಲಿವೆ. ಪ್ರೋಗ್ರಾಮಿಂಗ್ ಕಲಿಯದವರೂ ತಾಳ್ಮೆಯಿದ್ದರೆ ಈ ಕೆಲಸ ಮಾಡಬಹುದು.

ಆಟ ಆಡಿ ಗೊತ್ತಿದ್ದು, ಮಾಡ್ (ಆಟವನ್ನು ಬದಲಿಸಲು ಆಟಗಾರರೇ ಮಾಡುವ ಸೇರ್ಪಡೆ) ಮಾತ್ರ ಈವರೆಗೆ ರಚಿಸದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೇಕಾದದ್ದು ಒಂದು ಒಳ್ಳೆಯ ಪಠ್ಯ ಸಂಪಾದಕ (ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಅಥವಾ ವಿಎಸ್ ಕೋಡ್), ಚಿತ್ರ ತಿದ್ದಲು ಗಿಂಪ್, ಜೊತೆಗೆ ನಮ್ಮ ಕರಾವಳಿಯ ಇತಿಹಾಸದ ಒಂದೆರಡು ನಂಬಿಗಸ್ತ ಪುಸ್ತಕಗಳು. ಫೋಲ್ಡರ್, ಕಡತ ಮತ್ತು ಕೋಡ್‌ನ ಹೆಸರುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಕಂಪ್ಯೂಟರಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪ್ ಮಾಡಬೇಕು.

ಮೊದಲು ವರ್ಷ ನಿಶ್ಚಯಿಸಿ

ನಾವು ಕಾಸರಗೋಡಿನವರು ನಮ್ಮ ಜಿಲ್ಲೆಯನ್ನು ಸಪ್ತಭಾಷಾ ಸಂಗಮ ಭೂಮಿ ಎಂದು ಹೆಮ್ಮೆಯಿಂದ ಕರೆಯುತ್ತೇವೆ. ಮಾಡ್ ಮಾಡಲು ಕುಳಿತಾಗ ಆ ಏಳನ್ನೂ ನಕಾಶೆಗೆ ತಂದುಬಿಡುವ ಆಸೆ ಸಹಜ. ಆದರೆ ಈ ಆಟ ಶುರುವಾಗುವುದು 867, 1066 ಅಥವಾ 2024ರಲ್ಲಿ ಸೇರಿಸಲಾದ 1178ನೇ ಇಸವಿಯಲ್ಲಿ, ಮುಗಿಯುವುದು 1453ರಲ್ಲಿ. ಇಂದಿನ ಕಾಸರಗೋಡನ್ನು ಆ ಕಾಲಕ್ಕೆ ಹೊತ್ತೊಯ್ದು ಇಡಲಾಗದು.

ಕೆಲವು ಉದಾಹರಣೆ ನೋಡಿ. ಗೋವಾ ಪೋರ್ಚುಗೀಸರ ವಶವಾದದ್ದು 1510ರಲ್ಲಿ. ಕೊಂಕಣಿ ಮಾತನಾಡುವ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ದಕ್ಷಿಣದ ಕರಾವಳಿಗೆ ಬಂದು ನೆಲೆಸಿದ್ದು ಅದರ ನಂತರ. ಬೇಕಲದ ಕೋಟೆ ಇಕ್ಕೇರಿಯ ಶಿವಪ್ಪ ನಾಯಕನ ಕಾಲದ್ದು, ಅಂದರೆ 17ನೇ ಶತಮಾನದ್ದು. ಆಟದ ಕಾಲಾವಧಿಯೊಳಗೆ ಅದಕ್ಕೆ ಜಾಗವೇ ಇಲ್ಲ. ಮಧ್ವಾಚಾರ್ಯರು 13ನೇ ಶತಮಾನದವರು. ಕುಂಬಳೆಯ ಅರಸು ಜಯಸಿಂಹ, ಕಾವುಗೋಳಿಯ ತ್ರಿವಿಕ್ರಮ ಪಂಡಿತಾಚಾರ್ಯ, ಮಧ್ವರೊಡನೆ ಅವರು ನಡೆಸಿದ ವಾದ ಇವೆಲ್ಲ ನಮ್ಮ ನೆಲಕ್ಕೆ ಎಷ್ಟು ಹತ್ತಿರವಾದರೂ ದ್ವೈತವನ್ನು ಮೂರು ಆರಂಭಗಳಲ್ಲಿ ಯಾವುದಕ್ಕೂ ಹಾಕುವಂತಿಲ್ಲ. ಬೇಕಿದ್ದರೆ ಆಟ ನಡೆಯುತ್ತಾ 13ನೇ ಶತಮಾನದ ಕೊನೆಗೆ ಬಂದಾಗ ಒಂದು ಘಟನೆಯ ಮೂಲಕ ಅದು ಹುಟ್ಟುವಂತೆ ಮಾಡಬಹುದು. ಬಸವಣ್ಣನವರ ಚಳವಳಿ 12ನೇ ಶತಮಾನದ್ದು; 1066ರ ನಕಾಶೆಯಲ್ಲಿ ಲಿಂಗಾಯತವಿದ್ದರೆ ಅದು ತಪ್ಪು. ಇನ್ನು 1956ರ ನವೆಂಬರ್ 1ರ ಗಡಿಯನ್ನಾಗಲಿ 1984ರಲ್ಲಿ ರೂಪುಗೊಂಡ ಜಿಲ್ಲೆಯ ಎಲ್ಲೆಯನ್ನಾಗಲಿ ಆ ಕಾಲದ ಮೇಲೆ ಎಳೆಯಬಾರದು ಎಂಬುದನ್ನು ಹೇಳಬೇಕಾಗಿಯೇ ಇಲ್ಲ, ಆದರೂ ಹೇಳುತ್ತೇನೆ. ನಮ್ಮಲ್ಲಿ ಎರಡೂ ಕಡೆಯ ಅಭಿಮಾನಿಗಳು ಅದನ್ನೇ ಮಾಡುತ್ತಾರೆ.

ಆದ್ದರಿಂದ ಒಂದೇ ಒಂದು ಕೋಡ್ ಸಾಲು ಬರೆಯುವ ಮುನ್ನ ಹಾಳೆಯಲ್ಲಿ ಮೂರು ಅಂಕಣ ಎಳೆಯಿರಿ: ಸೇರಿಸಬೇಕೆಂದಿರುವ ಸಂಗತಿ, ಅದಕ್ಕೆ ಸಿಗುವ ಅತ್ಯಂತ ಹಳೆಯ ಆಧಾರ, ಅದು ಯಾವ ಆರಂಭಕ್ಕೆ ಹೊಂದುತ್ತದೆ. ಎರಡನೆಯ ಅಂಕಣ ಖಾಲಿ ಉಳಿದ ಸಂಗತಿಗಳನ್ನು ಪಕ್ಕಕ್ಕಿಡಿ. ಈ ಲೇಖನದಲ್ಲಿ ನಾನು 1066ನ್ನು ಆರಿಸಿಕೊಂಡಿದ್ದೇನೆ. ಆಗ ಬಾರ್ಕೂರು, ಮಂಗಳೂರು ಕಡೆ ಆಳುಪರು. ತೆಂಕಣಕ್ಕೆ ಏಳಿಮಲೆಯ ಮೂಷಿಕರು. ಅವರಿಗೂ ದಕ್ಷಿಣಕ್ಕೆ ಮಹೋದಯಪುರದ ಚೇರ ಪೆರುಮಾಳರು. ಘಟ್ಟದ ಮೇಲೆ ಕಲ್ಯಾಣದ ಚಾಲುಕ್ಯರು, ಪೂರ್ವದಲ್ಲಿ ಚೋಳರು ಒಬ್ಬರ ಮೇಲೊಬ್ಬರು ಏರಿಹೋಗುತ್ತಿದ್ದ ಕಾಲ. ಸಣ್ಣ ಕರಾವಳಿ ರಾಜ್ಯವೊಂದನ್ನು ಉಳಿಸಿಕೊಳ್ಳುವ ಆಟಕ್ಕೆ ಇದಕ್ಕಿಂತ ಒಳ್ಳೆಯ ಹಿನ್ನೆಲೆ ಬೇರೆಯಿಲ್ಲ.

ಫೋಲ್ಡರ್ ಸಿದ್ಧತೆ

ಇದು ಸುಲಭ. ಆಟದ ಲಾಂಚರ್‌ನಲ್ಲಿಯೇ ಹೊಸ ಮಾಡ್ ರಚಿಸುವ ಗುಂಡಿಯಿದೆ. ಹೆಸರು ಕೊಟ್ಟರೆ ಡಾಕ್ಯುಮೆಂಟ್ಸ್ ಒಳಗಿನ ಪ್ಯಾರಡಾಕ್ಸ್ ಇಂಟರ್‌ಆ್ಯಕ್ಟಿವ್, ಅದರೊಳಗಿನ ಆಟದ ಫೋಲ್ಡರ್, ಅದರೊಳಗಿನ 'ಮಾಡ್' ಎಂಬಲ್ಲಿ ಜಾಗ ಸಿದ್ಧವಾಗುತ್ತದೆ. ಮೂಲ ಆಟದ ಕಡತಗಳನ್ನು ಎಂದಿಗೂ ನೇರವಾಗಿ ತಿದ್ದಬೇಡಿ. ನಿಮ್ಮ ಮಾಡ್‌ನೊಳಗೆ ಅದೇ ಹೆಸರಿನ ಫೋಲ್ಡರ್‌ಗಳನ್ನು ಮಾಡಿ, ಹೊಸ ಸಂಗತಿಗಳನ್ನು ಹೊಸ ಹೆಸರಿನ ಕಡತದಲ್ಲಿ ಬರೆಯಿರಿ. ಎಲ್ಲ ಕಡತಗಳ ಹೆಸರಿಗೂ ಒಂದೇ ಮೊದಲಕ್ಷರಗಳನ್ನು ಅಂಟಿಸಿದರೆ ಮುಂದೆ ಹುಡುಕುವುದು ಸುಲಭ. ಮೂಲ ಕಡತದ ಹೆಸರನ್ನೇ ಕೊಟ್ಟರೆ ನಿಮ್ಮ ಕಡತ ಅದನ್ನು ಪೂರ್ತಿ ಅಳಿಸಿ ಅದರ ಜಾಗದಲ್ಲಿ ಕೂರುತ್ತದೆ. ಹಾಗೆ ಮಾಡಲೇಬೇಕಾದಾಗ ಮೂಲದ ಎಲ್ಲ ಸಾಲುಗಳೂ ನಿಮ್ಮ ಪ್ರತಿಯಲ್ಲಿರಬೇಕು.

ಹೊಳೆಯನ್ನು ಗಡಿಯಾಗಿಸುವುದು

ಈ ಆಟದ ನೆಲದ ಅತಿ ಸಣ್ಣ ತುಂಡು ಬ್ಯಾರನಿ. ಕೆಲವು ಬ್ಯಾರನಿಗಳು ಸೇರಿ ಒಂದು ಕೌಂಟಿ. ಸಂಸ್ಕೃತಿ ಮತ್ತು ಧರ್ಮ ಎರಡನ್ನೂ ಆಟ ಲೆಕ್ಕ ಹಿಡಿಯುವುದು ಕೌಂಟಿಗೆ. ಕೌಂಟಿಯ ಪಟ್ಟಿಯಲ್ಲಿ ಮೊದಲು ಬರುವ ಬ್ಯಾರನಿಯೇ ಅದರ ರಾಜಧಾನಿ, ಅದರ ಸಂಸ್ಕೃತಿಯೇ ಇಡೀ ಕೌಂಟಿಯ ಸಂಸ್ಕೃತಿ. ಹೀಗಾಗಿ ಕುಂಬಳೆಯೂ ನೀಲೇಶ್ವರವೂ ಒಂದೇ ಕೌಂಟಿಯಲ್ಲಿದ್ದರೆ, ನೀವು ಎಷ್ಟೇ ಶ್ರದ್ಧೆಯಿಂದ ಎರಡಕ್ಕೂ ಬೇರೆ ಬೇರೆ ಸಂಸ್ಕೃತಿ ಬರೆದರೂ ಒಂದು ಮಾತ್ರ ನಕಾಶೆಯಲ್ಲಿ ಉಳಿಯುತ್ತದೆ. ಕೌಂಟಿಗಳ ಗಡಿ ಎಲ್ಲಿ ಹಾಯಬೇಕು ಎಂಬುದೇ ಈ ಮಾಡ್‌ನ ಅತಿ ದೊಡ್ಡ ತೀರ್ಮಾನ.

ನನ್ನ ಮಟ್ಟಿಗೆ ಅದು ಚಂದ್ರಗಿರಿ ಹೊಳೆಯಲ್ಲಿಯೇ ಹಾಯಬೇಕು. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಪಯಸ್ವಿನಿಯಾಗಿ ಇಳಿದು ತಳಂಗರೆಯ ಬಳಿ ಕಡಲು ಸೇರುವ ಈ ಹೊಳೆಯನ್ನು ತುಳುವ ನಾಡಿನ ತೆಂಕಣ ಎಲ್ಲೆ ಎಂದು ಬಹುಕಾಲದಿಂದ ಗುರುತಿಸುತ್ತ ಬಂದಿದ್ದಾರೆ. ನಾಯರ್ ಹೆಂಗಸರು ಈ ಹೊಳೆಯನ್ನು ದಾಟಬಾರದೆಂಬ ಕಟ್ಟುಪಾಡು ಇತ್ತೆಂದು ಬ್ರಿಟಿಷರ ಕಾಲದ ದಾಖಲೆಗಳು ಹೇಳುತ್ತವೆ. 1967ರಲ್ಲಿ ಮಹಾಜನ ಆಯೋಗ ಕರ್ನಾಟಕಕ್ಕೆ ಸೇರಬೇಕೆಂದು ಶಿಫಾರಸು ಮಾಡಿದ್ದೂ ಇದೇ ಹೊಳೆಯ ಬಡಗಣ ಭಾಗವನ್ನು. ಹೊಳೆಯ ಆಚೆಗೂ ಈಚೆಗೂ ಎರಡೂ ಭಾಷೆಯವರು ಇದ್ದರು, ಇದ್ದಾರೆ. ಗಡಿ ಎಂದರೆ ಗೋಡೆ ಎಂಬ ಅರ್ಥದಲ್ಲಿ ನಾನು ಹೇಳುತ್ತಿಲ್ಲ. ಆದರೆ ಒಂದು ಕೌಂಟಿಗೆ ಒಂದೇ ಬಣ್ಣ ಎಂದು ಆಟ ಹಟ ಹಿಡಿದಾಗ, ಹೆಚ್ಚು ಆಧಾರವಿರುವ ಗೆರೆ ಇದು.

ಈಗ ಕೆಲಸಕ್ಕೆ ಬನ್ನಿ. ಸ್ಟೀಮ್‌ನಲ್ಲಿ ಆಟದ ಲಾಂಚ್ ಆಯ್ಕೆಗಳಿಗೆ 'ಡಿಬಗ್ ಮೋಡ್' ಸೂಚನೆ ಸೇರಿಸಿ ಆಟ ತೆರೆಯಿರಿ. ಆಗ ನಕಾಶೆಯ ಮೇಲೆ ಮೌಸ್ ಇಟ್ಟಲ್ಲೆಲ್ಲ ಆ ಪ್ರಾಂತ್ಯದ, ಅಂದರೆ ಬ್ಯಾರನಿಯ, ಸಂಖ್ಯೆ ಕಾಣುತ್ತದೆ. ಮಂಗಳೂರಿನಿಂದ ಏಳಿಮಲೆಯವರೆಗಿನ ಸಂಖ್ಯೆಗಳನ್ನೆಲ್ಲ ಬರೆದುಕೊಳ್ಳಿ. ಇರುವ ಬ್ಯಾರನಿಗಳನ್ನೇ ಬೇರೆ ಕೌಂಟಿಗೆ ಸರಿಸಿ ಹೊಳೆಯ ಗೆರೆ ಮೂಡುತ್ತದೆಯೇ ನೋಡಿ. ಮೂಡುವುದಾದರೆ 'ಲ್ಯಾಂಡೆಡ್ ಟೈಟಲ್ಸ್' ಕಡತದಲ್ಲಿ ಬ್ಯಾರನಿಯ ಆವರಣವನ್ನು (ಆವರಣ ಚಿಹ್ನೆಗಳ ನಡುವಿನ ಕೋಡ್ ಭಾಗ) ಕತ್ತರಿಸಿ ಹೊಸ ಕೌಂಟಿಯ ಆವರಣದೊಳಗೆ ಅಂಟಿಸಿದರೆ ಸಾಕು; ಚಿತ್ರ ಮುಟ್ಟುವ ಅಗತ್ಯವೇ ಇಲ್ಲ. ಮೊದಲ ಸಲದವರಿಗೆ ನಾನು ಇದನ್ನೇ ಶಿಫಾರಸು ಮಾಡುತ್ತೇನೆ.

ಸಾಲದು ಎನಿಸಿದರೆ ಮಾತ್ರ 'ಮ್ಯಾಪ್ ಡೇಟಾ' ಫೋಲ್ಡರ್‌ನ ಪ್ರಾಂತ್ಯಗಳ ಚಿತ್ರಕ್ಕೆ ಕೈಹಾಕಿ. ಅಲ್ಲಿ ಪ್ರತಿ ಬ್ಯಾರನಿಯೂ ಒಂದು ವಿಶಿಷ್ಟ ಬಣ್ಣದ ತೇಪೆ. ಕುಂಬಳೆಗೆ ಹೊಸ ತೇಪೆ ಬೇಕೆಂದರೆ ಚಿತ್ರದಲ್ಲಿ ಬೇರೆಲ್ಲೂ ಬಳಸದ ಒಂದು ಕೆಂಪು, ಹಸಿರು, ನೀಲಿ ಸಂಖ್ಯೆಯ ಜೋಡಣೆಯನ್ನು ಆರಿಸಿ, ಗಿಂಪ್‌ನ ಪೆನ್ಸಿಲ್ ಉಪಕರಣದಿಂದ ತುಂಬಿ. ಬ್ರಶ್ ಬೇಡ. ಬ್ರಶ್ ಅಂಚುಗಳನ್ನು ನಯಗೊಳಿಸುವಾಗ ಎರಡು ಬಣ್ಣಗಳ ನಡುವೆ ಕಣ್ಣಿಗೆ ಕಾಣದ ಮಿಶ್ರ ಬಣ್ಣಗಳು ಹುಟ್ಟುತ್ತವೆ. ಯಾವ ಪ್ರಾಂತ್ಯಕ್ಕೂ ಸೇರದ ಆ ಚುಕ್ಕೆಗಳಿಂದಲೇ ನಕಾಶೆ ಕೆಡುವುದು. ಚಿತ್ರದ ಅಳತೆ ಬದಲಿಸಬೇಡಿ, ಪಾರದರ್ಶಕ ಪದರ ಸೇರಿಸಬೇಡಿ. ನಂತರ 'ಡೆಫಿನಿಷನ್' ಕಡತದ ಕೊನೆಯಲ್ಲಿ ಹೊಸ ಸಾಲು: ಮುಂದಿನ ಕ್ರಮಸಂಖ್ಯೆ, ಬಣ್ಣದ ಮೂರು ಸಂಖ್ಯೆ, ಹೆಸರು, ಪ್ರತಿಯೊಂದರ ನಡುವೆ ಅರ್ಧವಿರಾಮ. ಕ್ರಮಸಂಖ್ಯೆಯಲ್ಲಿ ಒಂದನ್ನೂ ಬಿಟ್ಟು ಹಾರಬಾರದು.

ಹೊಸ ಪ್ರಾಂತ್ಯಕ್ಕೆ ಭೂಸ್ವರೂಪವನ್ನೂ ಹೇಳಬೇಕು. ಮುರಕಲ್ಲಿನ ಗುಡ್ಡಗಳ ಸಾಲಿಗೆ 'ಹಿಲ್ಸ್', ಘಟ್ಟದ ಬುಡಕ್ಕೆ 'ಜಂಗಲ್' ಸರಿಹೊಂದುತ್ತದೆ. ಸೈನ್ಯ, ಕೋಟೆ, ಕಟ್ಟಡಗಳು ನಕಾಶೆಯಲ್ಲಿ ನಿಲ್ಲುವ ಜಾಗದ ಗುರುತುಗಳನ್ನು ಆಟದ ಜೊತೆಗೇ ಬರುವ ನಕಾಶೆ ಸಂಪಾದಕದಲ್ಲಿ ಇಡಬೇಕು. ಈ ಹೆಜ್ಜೆ ಬಿಟ್ಟರೆ ಕುಂಬಳೆಯ ದಂಡು ಎಲ್ಲೋ ಕಡಲ ಮಧ್ಯೆ ನಿಂತಿರುತ್ತದೆ.

ಸಂಸ್ಕೃತಿಯನ್ನು ಕಟ್ಟುವುದು

'ಕಾಮನ್' ಒಳಗಿನ 'ಕಲ್ಚರ್', ಅದರೊಳಗಿನ 'ಕಲ್ಚರ್ಸ್' ಫೋಲ್ಡರ್‌ನಲ್ಲಿ ಮೂಲ ಆಟದ ದಕ್ಷಿಣ ಭಾರತದ ಸಂಸ್ಕೃತಿಗಳಿವೆ. ಕನ್ನಡದ ಆವರಣವನ್ನು ಪೂರ್ತಿ ನಕಲಿಸಿ, ಹೆಸರು ಬದಲಿಸಿ, ಒಂದೊಂದೇ ಸಾಲನ್ನು ತಿದ್ದುತ್ತ ಹೋಗಿ. ಬಣ್ಣವನ್ನು ಬದಲಿಸಿ; ಉಡುಪು, ಕಟ್ಟಡ, ಮುಖಚರ್ಯೆಯ ಸಾಲುಗಳನ್ನು ಹಾಗೆಯೇ ಬಿಡಬಹುದು. ಯೋಚಿಸಬೇಕಾದದ್ದು ನಾಲ್ಕು ಸಾಲುಗಳ ಬಗ್ಗೆ: ಪರಂಪರೆ, ಭಾಷೆ, ಮನೋಧರ್ಮ, ಸಂಪ್ರದಾಯಗಳು.

ತುಳುವ ಸಂಸ್ಕೃತಿಗೆ ಭಾಷೆಯನ್ನು ಬೇರೆಯಾಗಿಯೇ ಕೊಡಿ. ಕುಂಬಳೆಯ ಅನಂತಪುರದಲ್ಲಿ ತುಳು ಶಾಸನ ಸಿಕ್ಕಿದೆ. ತುಳುವಿಗೆ ಬರವಣಿಗೆಯ ಪರಂಪರೆ ಇರಲಿಲ್ಲ ಎಂಬ ಹಳೆಯ ಮಾತು ಇಂದು ನಿಲ್ಲುವುದಿಲ್ಲ. ಆದರೆ ಪರಂಪರೆಯ ಸಾಲನ್ನು ನೆರೆಯವರ ಜೊತೆ ಹಂಚಿಕೊಂಡೇ ಇರಲಿ. ಭಾಷೆ, ಪರಂಪರೆ ಎರಡೂ ಬೇರೆಯಾದರೆ ಸಂಸ್ಕೃತಿಗಳ ನಡುವಿನ ಒಪ್ಪಿಗೆ ಕೆಳಗಿನಿಂದ ಶುರುವಾಗುತ್ತದೆ. ಆಳುಪ ಅರಸನಿಗೆ ಕನ್ನಡ ಸಾಮಂತರೂ ಮಲಯಾಳದ ನೆರೆಯವರೂ ಪರದೇಶಿಗಳಂತೆ ಕಾಣುತ್ತಾರೆ, ಪ್ರತಿ ದಶಕವೂ ದಂಗೆ. ಆಳುಪರ ಶಾಸನಗಳ ಭಾಷೆ ಬಹುಪಾಲು ಕನ್ನಡವೇ ಎಂಬುದನ್ನು ನೆನಪಿಟ್ಟರೆ, ಅಂಥ ನಕಾಶೆ ನಮ್ಮ ಇತಿಹಾಸಕ್ಕೆ ಮಾಡುವ ಅನ್ಯಾಯ.

ಮನೋಧರ್ಮಕ್ಕೆ ನನ್ನ ಆಯ್ಕೆ 'ಕಮ್ಯೂನಲ್', ಅಂದರೆ ಕೂಡಿ ಬಾಳುವ ಸಮುದಾಯ. ಗುತ್ತು (ಊರಿನ ಹಿರಿಯ ಮನೆ), ಕುಟುಂಬ, ಊರಿನ ದೈವಸ್ಥಾನಗಳ ಸುತ್ತ ಕಟ್ಟಿಕೊಂಡ ಬದುಕಿಗೆ ಅದೇ ಹತ್ತಿರ. ಸಂಪ್ರದಾಯಗಳಲ್ಲಿ ಮೂರು ನಾಲ್ಕು ಸಾಕು. ಪವಿತ್ರ ವನಗಳ ಸಂಪ್ರದಾಯ ಮೂಲ ಆಟದಲ್ಲಿಯೇ ಇದೆ. ನಾಗಬನಗಳ ನಾಡಿಗೆ ಅದು ಹೇಳಿ ಮಾಡಿಸಿದಂತಿದೆ. ಕಡಲ ಪಯಣದ ಸಂಪ್ರದಾಯವನ್ನೂ ಕೊಡಿ.

ಮೂರನೆಯದು ಅಳಿಯಸಂತಾನ. ಇದನ್ನು ಬಿಟ್ಟರೆ ತುಳುವ ಸಂಸ್ಕೃತಿ ಎಂಬ ಹೆಸರಿಗೆ ಅರ್ಥವೇ ಇಲ್ಲ. ಹೊಳೆಯಾಚೆಗೆ ಅದೇ ಮರುಮಕ್ಕತ್ತಾಯ. ಸೋದರಮಾವನಿಂದ ಸೋದರಳಿಯನಿಗೆ ಹೋಗುವ ಹಕ್ಕು ಈ ಆಟದಲ್ಲಿ ನೇರವಾಗಿ ಇಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ, ಹೆಣ್ಣಿನ ಹಕ್ಕನ್ನು ಆಟ ಬಹುಮಟ್ಟಿಗೆ ಧರ್ಮದ ನಿಲುವಿಗೆ ಕಟ್ಟಿಹಾಕಿದೆ. ನಮ್ಮಲ್ಲಿ ಅದು ಧರ್ಮದಿಂದ ಬಂದದ್ದಲ್ಲ. ಘಟ್ಟದ ಮೇಲಿನ ಶೈವನೂ ಕರಾವಳಿಯ ಶೈವನೂ ಪೂಜಿಸುವುದು ಒಬ್ಬನೇ ಶಿವನನ್ನು. ಆಸ್ತಿ ಮಾತ್ರ ಅಲ್ಲಿ ಮಗನಿಗೆ, ಇಲ್ಲಿ ಅಳಿಯನಿಗೆ. ಕರಾವಳಿಯ ಜೈನ ಮನೆತನಗಳಲ್ಲಿಯೂ ಅಳಿಯಸಂತಾನವೇ. ಹಾಗಾಗಿ ಧರ್ಮದ ಕಡತವನ್ನು ಮುಟ್ಟದೆ ಸಂಸ್ಕೃತಿಯ ಕಡೆಯಿಂದಲೇ ಇದನ್ನು ಬಿಡಿಸಬೇಕು.

ಬಿಡಿಸುವ ರೀತಿ ಹೀಗೆ. ಹೆಣ್ಣುಗಂಡಿಗೆ ಸಮಾನ ಉತ್ತರಾಧಿಕಾರ ಕೊಡುವ ಸಂಪ್ರದಾಯವೊಂದು ಮೂಲ ಆಟದಲ್ಲಿದೆ. ಅದರ ಆವರಣವನ್ನು ನಕಲಿಸಿ ಅಳಿಯಸಂತಾನ ಎಂಬ ಹೊಸ ಸಂಪ್ರದಾಯ ಮಾಡಿ. ಉತ್ತರಾಧಿಕಾರದ ಕಾನೂನುಗಳ ಕಡತದಲ್ಲಿ, ಮನೆತನದ ಹಿರಿಯನಿಗೆ ಪಟ್ಟ ಕೊಡುವ ಕಾನೂನನ್ನು ಈ ಸಂಪ್ರದಾಯವಿರುವವರು ಆರಿಸಿಕೊಳ್ಳುವಂತೆ ಷರತ್ತು ಸೇರಿಸಿ. ಈ ಸಂಸ್ಕೃತಿಯ ಪಾತ್ರಗಳ ಮದುವೆಗಳನ್ನು ಇತಿಹಾಸ ಕಡತದಲ್ಲಿ ಮಾತೃಮೂಲದ ಮದುವೆಗಳಾಗಿ ಬರೆಯಿರಿ; ಆಗ ಮಕ್ಕಳು ತಾಯಿಯ ಮನೆತನಕ್ಕೆ ಸೇರುತ್ತಾರೆ. ಈಗ ನೋಡಿ: ಅರಸನ ಮಕ್ಕಳು ಅವರ ತಾಯಿಯ ಮನೆಯವರು, ಅರಸನ ತಂಗಿಯ ಮಕ್ಕಳು ಅರಸನ ಮನೆಯವರು, ಮನೆಯ ಹಿರಿಯನಿಗೆ ಪಟ್ಟ. ಅಳಿಯನಿಗೆ ಹಕ್ಕು ತಾನಾಗಿ ತಲುಪುತ್ತದೆ. ಕೋಲತ್ತುನಾಡಿನಲ್ಲಿ ಶಾಖೆಗಳ ನಡುವೆ ಅತಿ ಹಿರಿಯ ಗಂಡಸೇ ಕೋಲತ್ತಿರಿ, ಅಂದರೆ ಅಲ್ಲಿನ ಅರಸ, ಆಗುತ್ತಿದ್ದ ಕ್ರಮಕ್ಕೂ ಇದು ಹೊಂದುತ್ತದೆ. ರಾಣಿಯರು ಆಳುವ ದಾರಿಯನ್ನೂ ಮುಚ್ಚಬೇಡಿ. 13ನೇ ಶತಮಾನದಲ್ಲಿ ಆಳುಪರ ಬಲ್ಲಮಹಾದೇವಿ ಸಿಂಹಾಸನದಲ್ಲಿ ಕುಳಿತೇ ಆಳಿದವಳು.

ಹೆಸರುಗಳ ಪಟ್ಟಿ ಬೇರೆ ಕಡತ. ಶಾಸನಗಳಿಂದ ಬಂದ ಹೆಸರುಗಳೇ ಮೊದಲಿರಲಿ: ಆಳುವರಸ, ಚಿತ್ರವಾಹನ, ರಣಸಾಗರ, ಪೃಥ್ವೀಸಾಗರ, ಕುಂದವರ್ಮ, ಬಂಕಿದೇವ, ಕುಲಶೇಖರ. ಹೆಂಗಸರ ಹೆಸರು ಶಾಸನಗಳಲ್ಲಿ ಕಡಿಮೆ; ಪಾಡ್ದನಗಳ (ತುಳು ಜನಪದ ಕಥನಗೀತೆಗಳ) ಸಿರಿ, ದಾರಗ, ಅಬ್ಬಗ, ದೇಯಿಯರನ್ನು ಸೇರಿಸಿಕೊಳ್ಳಬಹುದು. ಮಗುವಿಗೆ ಯಾರ ಹೆಸರಿಡುವ ಸಂಭವ ಎಷ್ಟು ಎಂಬ ಸಾಲುಗಳೂ ಇದೇ ಕಡತದಲ್ಲಿವೆ. ಅಲ್ಲಿ ತಂದೆಯ ತಂದೆಗಿಂತ ತಾಯಿಯ ತಂದೆ, ತಾಯಿಯ ತಾಯಿಯರ ಸಂಖ್ಯೆಯನ್ನು ಹೆಚ್ಚಿಸಿ. ಆಟಗಾರನ ಗಮನಕ್ಕೆ ಬಾರದೆಯೂ ನಾಡಿನ ಗುಣ ಒಳಗೆ ಕೆಲಸ ಮಾಡುತ್ತಿರುತ್ತದೆ.

ಹೊಸ ಸಂಸ್ಕೃತಿಗೆ ಆವಿಷ್ಕಾರಗಳ ಇತಿಹಾಸವನ್ನೂ ಬರೆಯಲು ಮರೆಯಬೇಡಿ. ಇಲ್ಲದಿದ್ದರೆ 1066ರಲ್ಲಿ ನೆರೆಯವರಿಗೆ ತಿಳಿದ ಯಾವುದೂ ತುಳುವರಿಗೆ ತಿಳಿಯದ ಸ್ಥಿತಿಯಲ್ಲಿ ಆಟ ಶುರುವಾಗುತ್ತದೆ.

ಧರ್ಮ: ಎಷ್ಟು ಸೇರಿಸಬೇಕು, ಎಲ್ಲಿ ನಿಲ್ಲಿಸಬೇಕು

ಮೂಲ ಆಟದಲ್ಲಿ ಶೈವ, ವೈಷ್ಣವ, ಶಾಕ್ತ, ಸ್ಮಾರ್ತ ಪಂಥಗಳಿವೆ. ಜೈನರಲ್ಲಿ ದಿಗಂಬರ, ಶ್ವೇತಾಂಬರದ ಜೊತೆ ಯಾಪನೀಯವೂ ಇದೆ. ಕದಂಬ, ರಾಷ್ಟ್ರಕೂಟರ ಆಶ್ರಯ ಪಡೆದ, ಕರ್ನಾಟಕದಲ್ಲಿ ಬೇರೂರಿದ್ದ ಯಾಪನೀಯವನ್ನು ಆಟ ರಚಿಸಿದವರು ನೆನಪಿಟ್ಟಿದ್ದಾರೆ ಎಂಬುದು ಸಂತೋಷದ ಸಂಗತಿ. ಹೀಗಾಗಿ 1066ರ ತುಳುನಾಡಿಗೆ ಹೊಸ ಪಂಥ ಬೇಕೇ ಎಂದು ಮೊದಲು ಕೇಳಿಕೊಳ್ಳಬೇಕು.

ಬಹಳ ಮಂದಿಗೆ ತಟ್ಟನೆ ಹೊಳೆಯುವುದು ಭೂತಾರಾಧನೆಯನ್ನು ಪ್ರತ್ಯೇಕ ಧರ್ಮವಾಗಿ ಮಾಡುವುದು. ಹಾಗೆ ಮಾಡಬೇಡಿ ಎಂದು ಒತ್ತಿ ಹೇಳುತ್ತೇನೆ. ಈ ಆಟದಲ್ಲಿ ಎರಡು ಪಂಥಗಳು ಎಂದರೆ ಅವುಗಳ ನಡುವೆ ಒಂದು ಮಟ್ಟದ ಹಗೆತನ, ಮತಾಂತರಕ್ಕೆ ಕಳುಹಿಸಿದ ಪುರೋಹಿತ, ಯುದ್ಧಕ್ಕೆ ಒಂದು ನೆಪ. ದೈವಕ್ಕೂ ದೇವರಿಗೂ ನಮ್ಮ ನಾಡಿನಲ್ಲಿ ಇರುವ ಸಂಬಂಧ ಅದಲ್ಲ. ದೇವಸ್ಥಾನದ ಜಾತ್ರೆಯೂ ಗುತ್ತಿನ ಮನೆಯ ಕೋಲವೂ ಒಂದೇ ಕುಟುಂಬದ ಎರಡು ಕರ್ತವ್ಯ. ಧರ್ಮಸ್ಥಳವನ್ನೇ ನೋಡಿ: ಜೈನ ಹೆಗ್ಗಡೆಯವರು, ಮಂಜುನಾಥ ಸ್ವಾಮಿ, ಮಾಧ್ವ ಅರ್ಚಕರು, ಜೊತೆಗೆ ಧರ್ಮದೈವಗಳು. ನಮ್ಮ ಮಂಜೇಶ್ವರದ ಉದ್ಯಾವರದಲ್ಲಿ ಅರಸು ಮಂಜಿಷ್ಣಾರ್ ದೈವಸ್ಥಾನದ ಉತ್ಸವಕ್ಕೆ ಮುನ್ನ ದೈವಪಾತ್ರಿಗಳು ಮೆರವಣಿಗೆಯಲ್ಲಿ ಸಾವಿರ ಜಮಾಅತ್ ಮಸೀದಿಗೆ ಹೋಗಿ ಜಮಾಅತಿನವರನ್ನು ಉತ್ಸವಕ್ಕೆ ಆಹ್ವಾನಿಸುತ್ತಾರೆ. ಕುಂಬಳೆಯ ಆರಿಕ್ಕಾಡಿಯಲ್ಲಿ ಮುಸ್ಲಿಂ ಮೂಲದ ಆ‌ಲಿ ಭೂತಕ್ಕೆ ಕೋಲವಿದೆ. ಇವೆಲ್ಲ 1066ಕ್ಕೆ ಸೇರಿದವೆಂದು ನಾನು ಹೇಳುತ್ತಿಲ್ಲ. ಇಲ್ಲಿನ ನಂಬಿಕೆಯ ಸ್ವಭಾವ ಎಂಥದೆಂದು ತೋರಿಸುತ್ತಿದ್ದೇನೆ. ಹಗೆತನದ ಲೆಕ್ಕಾಚಾರಕ್ಕೆ ಅದನ್ನು ಒಡ್ಡಿದರೆ ಉಳಿಯುವುದು ಹೆಸರು ಮಾತ್ರ.

ಆದ್ದರಿಂದ ದೈವಾರಾಧನೆಯನ್ನು ಸಂಸ್ಕೃತಿಯ ನಾಲ್ಕನೆಯ ಸಂಪ್ರದಾಯವಾಗಿ ಮಾಡಿ. ದೈವದ ನುಡಿಯೇ ಊರಿನ ನ್ಯಾಯತೀರ್ಮಾನ ಎಂಬ ಅಂಶವನ್ನು ಆಟದ ಭಾಷೆಗೆ ತರುವುದಾದರೆ, ಕೌಂಟಿಯ ಜನರ ಒಪ್ಪಿಗೆ ತುಸು ಹೆಚ್ಚು, ಬೇರೆ ಪಂಥದ ಸಾಮಂತರ ಅಸಮಾಧಾನ ತುಸು ಕಡಿಮೆ, ಅರಸ ಮನಬಂದಂತೆ ಯಾರದಾದರೂ ಪದವಿ ಕಿತ್ತುಕೊಂಡರೆ ದಂಡ ತುಸು ಹೆಚ್ಚು. ಹೀಗೆ ಮಾಡಿದಾಗ ಶೈವ ಅರಸನಿಗೂ ಜೈನ ಸಾಮಂತನಿಗೂ ಅದು ಸಮಾನವಾಗಿ ಸಲ್ಲುತ್ತದೆ. ಹೊಳೆಯಾಚೆಯ ತೆಯ್ಯಕ್ಕೂ (ಮಲಯಾಳದ ಕಡೆಯ ದೈವಾರಾಧನೆ) ಅದೇ ಅಚ್ಚಿನ ಇನ್ನೊಂದು ಸಂಪ್ರದಾಯ ಬರೆಯಬಹುದು. ಇಂದಿಗೂ ಜನ ಕೈಮುಗಿಯುವ ದೈವಗಳನ್ನು ಕೊಲ್ಲಬಹುದಾದ ಪಾತ್ರಗಳನ್ನಾಗಿಯೋ ನಗೆಘಟನೆಗಳನ್ನಾಗಿಯೋ ಮಾಡಬಾರದು. ಕೋಲ ಕಟ್ಟುವವರು ನಮ್ಮ ನಡುವೆಯೇ ಇದ್ದಾರೆ, ಅವರ ಮಕ್ಕಳೂ ಈ ಆಟ ಆಡುತ್ತಾರೆ.

ಹೊಸ ಪಂಥವೊಂದನ್ನು ಮಾಡಲೇಬೇಕೆಂದಿದ್ದರೆ ಕದ್ರಿಯ ಕಡೆ ನೋಡಿ. ಅಲ್ಲಿನ ಲೋಕೇಶ್ವರ ವಿಗ್ರಹದ ಪೀಠದಲ್ಲಿ 968ರ ಶಾಸನವಿದೆ. ಆಳುಪ ಅರಸ ಕುಂದವರ್ಮ ಕದರಿಕಾ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠಾಪಿಸಿದ ವಿಷಯ ಅದರಲ್ಲಿದೆ. ಅದೇ ಶಾಸನ ಅವನನ್ನು ಶಿವಭಕ್ತನೆಂದೂ ಹೇಳುತ್ತದೆ. ವಿಹಾರ ಬೌದ್ಧರದ್ದು, ಅರಸ ಶೈವ, ಇಂದು ಅದು ಮಂಜುನಾಥನ ಸನ್ನಿಧಿ, ನಾಥ ಪರಂಪರೆಯ ಮಠವೂ ಅಲ್ಲಿದೆ. ಈ ಒಂದು ಜಾಗದಿಂದ ಒಂದು ಪಂಥ ಕಟ್ಟುವಷ್ಟು ಆಧಾರ ಸಿಗುತ್ತದೆ.

ಕಟ್ಟುವ ಕ್ರಮ: 'ರಿಲಿಜನ್ಸ್' ಫೋಲ್ಡರ್‌ನ ಹಿಂದೂ ಧರ್ಮದ ಕಡತದ ಪಂಥಗಳ ಪಟ್ಟಿಯಲ್ಲಿ ಹೊಸ ಆವರಣ ತೆರೆಯಿರಿ. ಬಣ್ಣ, ಲಾಂಛನ ಕೊಡಿ. ಪ್ರತಿ ಪಂಥಕ್ಕೂ ಮೂರು ಮೂಲತತ್ತ್ವಗಳಿರಬೇಕು. ಅವುಗಳಲ್ಲಿ ಒಂದು ಪೂರ್ವದೇಶದ ಧರ್ಮಗಳೊಡನೆ ಸಮನ್ವಯ ಸಾಧಿಸುವ ತತ್ತ್ವವಾಗಿರಲಿ. ಅನ್ಯಮತಗಳ ಬಗೆಗಿನ ನಿಲುವಿನಲ್ಲಿ ಬಹುತ್ವವಾದವನ್ನು ಆರಿಸಿ. ಪುಣ್ಯಕ್ಷೇತ್ರಗಳು ವಾಡಿಕೆಯಲ್ಲಿ ಐದು. ಕದ್ರಿ, ಗೋಕರ್ಣ, ಕೊಲ್ಲೂರು, ಸುಬ್ರಹ್ಮಣ್ಯ, ತಳಿಪರಂಬ ನನ್ನ ಪಟ್ಟಿ. ಪ್ರತಿ ಕ್ಷೇತ್ರವನ್ನೂ 'ಹೋಲಿ ಸೈಟ್ಸ್' ಕಡತದಲ್ಲಿ ಅದರ ಕೌಂಟಿಗೆ, ಸಾಧ್ಯವಾದರೆ ಬ್ಯಾರನಿಗೆ ಜೋಡಿಸಬೇಕು. ಐದೂ ಒಂದೇ ಡಚ್ಚಿಯಲ್ಲಿ (ಕೆಲವು ಕೌಂಟಿಗಳು ಸೇರಿದ ಪ್ರದೇಶ) ಬಿದ್ದರೆ ಒಬ್ಬನೇ ಅರಸ ಎಲ್ಲವನ್ನೂ ಬೇಗ ಹಿಡಿದುಬಿಡುತ್ತಾನೆ; ಉತ್ತರ, ದಕ್ಷಿಣಕ್ಕೆ ಹರಡಿರುವುದು ಲೇಸು.

ತಳಂಗರೆಯ ಮಾಲಿಕ್ ದೀನಾರ್ ಮಸೀದಿಯನ್ನು ಬಿಟ್ಟು ಕಾಸರಗೋಡಿನ ನಕಾಶೆ ಮಾಡಲಾದೀತೇ ಎಂದು ಯಾರಾದರೂ ಕೇಳುವುದು ನ್ಯಾಯವೇ. ಕೌಂಟಿಯ ಧರ್ಮವನ್ನು ಇಸ್ಲಾಂ ಎಂದು ಬರೆಯುವುದು 1066ಕ್ಕೆ ಹೊಂದದು. ಅಲ್ಪಸಂಖ್ಯಾತರನ್ನು ತೋರಿಸುವ ಏರ್ಪಾಡು ಈ ಆಟದಲ್ಲಿಲ್ಲ. ಅದಕ್ಕೆ ನನ್ನ ದಾರಿ ವಿಶೇಷ ಕಟ್ಟಡ. ತಳಂಗರೆ ಬರುವ ಬ್ಯಾರನಿಗೆ ಮಸೀದಿಯನ್ನು ವಿಶೇಷ ಕಟ್ಟಡವಾಗಿ ಕೊಟ್ಟು, ಅದರಿಂದ ಬಂದರಿನ ಆದಾಯ ಹೆಚ್ಚುವಂತೆ ಮಾಡಿ. ಕರಾವಳಿಯ ಅರಸರ ಆಸ್ಥಾನದಲ್ಲಿ ಒಬ್ಬಿಬ್ಬರು ಮುಸ್ಲಿಂ ವರ್ತಕರನ್ನು ಪಾತ್ರಗಳಾಗಿ ಇಡಿ. 14ನೇ ಶತಮಾನದಲ್ಲಿ ಇಬ್ನ್ ಬತೂತ ಮಂಗಳೂರಿಗೆ ಬಂದಾಗ ಅಲ್ಲಿ ಸುಮಾರು 4,000 ಮುಸ್ಲಿಮರಿದ್ದರೆಂದು ಬರೆದಿದ್ದಾನೆ. ಆಟ ಆ ಶತಮಾನ ತಲುಪುವಾಗ ಕಟ್ಟಡದ ಮಟ್ಟ ಏರುವಂತೆ ಮಾಡಲು ಅದೇ ಆಧಾರ. ಬಂಗ್ರ ಮಂಜೇಶ್ವರದ ಬಸದಿಗಳಿಗೂ ಇದೇ ವಿಧಾನ ಅನ್ವಯಿಸಬಹುದು.

ಪ್ರಾಂತ್ಯ, ಪಾತ್ರ, ಹೆಸರು

'ಹಿಸ್ಟರಿ' ಒಳಗಿನ 'ಪ್ರಾವಿನ್ಸಸ್' ಕಡತದಲ್ಲಿ ಪ್ರತಿ ಪ್ರಾಂತ್ಯ ಸಂಖ್ಯೆಯ ಮುಂದೆ ಮೂರು ಸಾಲು: ಸಂಸ್ಕೃತಿ, ಧರ್ಮ, ನೆಲೆಯ ಬಗೆ. ಕೌಂಟಿಯ ರಾಜಧಾನಿಗೆ ಕೋಟೆ, ದೇಗುಲದ ಊರಿಗೆ ದೇಗುಲ, ಬಂದರಿಗೆ ಪಟ್ಟಣ. ಕುಂಬಳೆಯನ್ನು ಪಟ್ಟಣವಾಗಿ ಬೆಳೆಸಲು ಸಂಕೋಚ ಬೇಡ. 16ನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ಬಾರ್ಬೋಸ, ಕುಂಬಳೆಯಿಂದ ಕೀಳು ದರ್ಜೆಯ ಕಪ್ಪು ಅಕ್ಕಿ ಮಾಲ್ದೀವಿಗೆ ಹೋಗುತ್ತಿತ್ತೆಂದೂ ಅದಕ್ಕೆ ಬದಲಾಗಿ ತೆಂಗಿನ ನಾರು ಬರುತ್ತಿತ್ತೆಂದೂ ದಾಖಲಿಸಿದ್ದಾನೆ. ಮಧೂರಿನಂಥ ಕಡೆ ದೇಗುಲ.

ಅರಸರ ಪಾತ್ರಗಳನ್ನು ಬರೆಯುವಾಗ ಹುಟ್ಟಿದ ವರ್ಷ ಸಿಗುವುದು ಅಪರೂಪ. ಶಾಸನದ ವರ್ಷದಿಂದ ಹಿಂದಕ್ಕೆ ಅಂದಾಜು ಮಾಡಿ, ಅಂದಾಜು ಎಂದು ಕೋಡ್‌ನ ಪಕ್ಕದಲ್ಲಿಯೇ ಟಿಪ್ಪಣಿ ಹಾಕಿ. ತೀರ ಆಧಾರವಿಲ್ಲದ ಸಾಮಂತರನ್ನು ಕಲ್ಪಿಸಬೇಕಾದಾಗಲೂ ಹಾಗೆಯೇ.

ಕಣ್ಣಿಗೆ ಕಾಣುವ ಹೆಸರುಗಳೆಲ್ಲ 'ಲೋಕಲೈಸೇಷನ್' ಕಡತದಲ್ಲಿರುತ್ತವೆ. ಫೋಲ್ಡರ್ ಹೆಸರಿನಲ್ಲಿ ಎಸ್ ಅಲ್ಲ, ಝಡ್ ಅಕ್ಷರವಿರಬೇಕು. ಕಡತವನ್ನು ಯುಟಿಎಫ್-8 ಬಿಒಎಂ ರೂಪದಲ್ಲಿ ಉಳಿಸಬೇಕು. ಬಿಒಎಂ ಇಲ್ಲದೆ ಉಳಿಸಿದರೆ ಹೆಸರಿನ ಬದಲು ಕೋಡ್‌ನ ಕೀಲಿಪದಗಳು ಪರದೆಯ ಮೇಲೆ ಬರುತ್ತವೆ. ಆಟದ ಅಧಿಕೃತ ಭಾಷೆಗಳಲ್ಲಿ ಕನ್ನಡವಿಲ್ಲದ ಕಾರಣ ಹೆಸರುಗಳನ್ನು ಸದ್ಯಕ್ಕೆ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ಳ, ಣ, ದೀರ್ಘಗಳಿಗೆ ಒಂದು ನಿಯಮ ಮಾಡಿಕೊಂಡು ಕೊನೆಯವರೆಗೆ ಅದನ್ನೇ ಪಾಲಿಸಿ.

ಊರಿನ ಹೆಸರು ಆಳುವವನ ಸಂಸ್ಕೃತಿಗೆ ತಕ್ಕಂತೆ ಬದಲಾಗುವ ಸೌಲಭ್ಯ ಆಟದಲ್ಲಿದೆ. ಮಂಗಳೂರು ತುಳುವರಿಗೆ ಕುಡ್ಲ, ಮಲಯಾಳಿಗಳಿಗೆ ಮಂಗಲಾಪುರಂ. ಲ್ಯಾಂಡೆಡ್ ಟೈಟಲ್ಸ್ ಕಡತದಲ್ಲಿ ಆ ಊರಿನ ಆವರಣದೊಳಗೆ ಹೆಸರಿನ ಪಟ್ಟಿಗೆ ಎದುರಾಗಿ ಹೊಸ ಹೆಸರಿನ ಕೀಲಿಪದ ಬರೆದರೆ ಸಾಕು. ಊರಿನ ಹೆಸರು ಕಾಸರಗೋಡಿನವರಿಗೆ ಸಣ್ಣ ವಿಷಯವಲ್ಲ. ನಿಮ್ಮ ಮಾಡ್‌ನಲ್ಲಿ ಎರಡೂ ಕಡೆಯ ಹೆಸರುಗಳು ಇರಲಿ.

ಪರೀಕ್ಷೆ

ಆಟ ತೆರೆದು, ಡಾಕ್ಯುಮೆಂಟ್ಸ್‌ನ ಆಟದ ಫೋಲ್ಡರ್‌ನಲ್ಲಿ 'ಲಾಗ್ಸ್' ಒಳಗಿನ ದೋಷಗಳ ಕಡತವನ್ನು ನೋಡಿ. ನಿಮ್ಮ ಕಡತಗಳ ಹೆಸರಿನ ಮೊದಲಕ್ಷರಗಳನ್ನು ಅಲ್ಲಿ ಹುಡುಕಿದರೆ ನಿಮ್ಮ ದೋಷಗಳು ಮಾತ್ರ ಬೇರೆಯಾಗಿ ಸಿಗುತ್ತವೆ. ಆವರಣ ಚಿಹ್ನೆ ಮುಚ್ಚದಿರುವುದೇ ಹತ್ತರಲ್ಲಿ ಬಹುಪಾಲು ತೊಂದರೆಗಳ ಮೂಲ. ಇತಿಹಾಸ ಕಡತ ತಿದ್ದಿದ ಮೇಲೆ ಹಿಂದೆ ಉಳಿಸಿಟ್ಟ ಆಟವನ್ನು ತೆರೆಯಬೇಡಿ; ಹೊಸ ಆಟ ಆರಂಭಿಸಿದರೆ ಮಾತ್ರ ಬದಲಾವಣೆ ಕಾಣುತ್ತದೆ.

ದೋಷಗಳು ತೀರಿದ ಮೇಲೆ ಡಿಬಗ್ ಕನ್ಸೋಲ್‌ನಲ್ಲಿ ವೀಕ್ಷಕನಾಗುವ ಆಜ್ಞೆ ಕೊಟ್ಟು ಆಟವನ್ನು 50 ವರ್ಷ ತಾನೇ ಓಡಲು ಬಿಡಿ. 1116ರಲ್ಲಿ ನಿಲ್ಲಿಸಿ ಸಂಸ್ಕೃತಿಯ ನಕಾಶೆ ನೋಡಿ. ತುಳುವ ಬಣ್ಣ ಪೂರ್ತಿ ಅಳಿದಿದ್ದರೆ ನೆರೆಯ ದೊಡ್ಡ ರಾಜ್ಯಗಳು ಅದನ್ನು ಸುಲಭವಾಗಿ ಕರಗಿಸುತ್ತಿವೆ ಎಂದರ್ಥ. ಆರಂಭದ ಒಪ್ಪಿಗೆಯ ಅಂಕ ಹೆಚ್ಚಿಸಿ, ಆಳುಪರನ್ನು ಚಾಲುಕ್ಯರ ಸಾಮಂತರನ್ನಾಗಿ ಇಟ್ಟು ಇನ್ನೊಮ್ಮೆ ಓಡಿಸಿ. ಘಟ್ಟ ಹತ್ತಿ ಹರಡಿದ್ದರೆ ನೀವು ಪ್ರೀತಿಯಿಂದ ಹೆಚ್ಚು ಬಲ ಕೊಟ್ಟಿದ್ದೀರಿ. ಸಂಪ್ರದಾಯಗಳ ಅಂಕ ಇಳಿಸಿ. ಪಟ್ಟದ ಸರದಿಯನ್ನೂ ಪರೀಕ್ಷಿಸಿ: ಆಳುಪ ಮನೆತನದ ವಂಶವೃಕ್ಷ ತೆರೆದಾಗ ಕಿರೀಟದ ಗುರುತು ಅಣ್ಣತಮ್ಮಂದಿರಿಂದ ತಂಗಿಯ ಮಕ್ಕಳಿಗೆ ಸಾಗಿದ್ದರೆ ಅಳಿಯಸಂತಾನ ಕೆಲಸ ಮಾಡುತ್ತಿದೆ.

ಸ್ಟೀಮ್ ವರ್ಕ್‌ಶಾಪ್‌ಗೆ ಏರಿಸುವಾಗ ವಿವರಣೆಯಲ್ಲಿ ಯಾವುದಕ್ಕೆ ಶಾಸನದ ಆಧಾರವಿದೆ, ಯಾವುದು ನಿಮ್ಮ ಊಹೆ ಎಂದು ಪ್ರತ್ಯೇಕವಾಗಿ ಬರೆಯಿರಿ. ಮೂಲ ಆಟದ ಹೊಸ ಆವೃತ್ತಿ ಬಂದಾಗಲೆಲ್ಲ ಮೊದಲು ಕೆಡುವುದು ನೀವು ಪೂರ್ತಿಯಾಗಿ ನಕಲಿಸಿದ ಕಡತಗಳು, ಅದರಲ್ಲಿಯೂ ಲ್ಯಾಂಡೆಡ್ ಟೈಟಲ್ಸ್. ಹಳೆಯ ಮತ್ತು ಹೊಸ ಮೂಲ ಕಡತಗಳನ್ನು ವಿಎಸ್ ಕೋಡ್‌ನಲ್ಲಿ ಅಕ್ಕಪಕ್ಕ ತೆರೆದು ಹೋಲಿಸಿ, ಬದಲಾದ ಸಾಲುಗಳನ್ನಷ್ಟೇ ನಿಮ್ಮ ಪ್ರತಿಗೆ ತನ್ನಿ. ಆಮೇಲೆ ಮಾಡ್‌ನ ವಿವರ ಕಡತದಲ್ಲಿ ಬೆಂಬಲಿತ ಆವೃತ್ತಿಯ ಸಂಖ್ಯೆಯನ್ನು ಬದಲಿಸಿ.